ಪಿಳ್ಳಮ್ಮನ ಮುಕ್ಕಾಲು ಇಂಚು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬಾಯಿ ಬಿಟ್ಟುಕೊಂಡು ಕೂರಬೇಡಿ. ಪೀಣ್ಯದಲ್ಲಿ ಸಾವಿರ ಫ್ಯಾಕ್ಟರಿ ಇರಬಹುದು. ಲೇತು ತಿರುಗಿಸುವವರು, ವೆಲ್ಡಿಂಗ್ ಕಿಡಿ ಹಾರಿಸುವವರು, ಸೈರನ್ ಕೂಗಿದ ತಕ್ಷಣ ಗೇಟಿನಿಂದ ಬಾಣದ ಹಾಗೆ ಸೈಕಲ್ ಬಿಡುವವರು ಹತ್ತು ಸಾವಿರ ಇರಬಹುದು. ಅಷ್ಟು ಜನರಲ್ಲಿ ಒಂದೇ ಒಂದು ಮೊಳೆ ಹೊಡೆಯದೆ, ಬರೀ ಉಳಿ, ಗರಗಸ, ತೋಪಡ ಹಿಡಿದು, ತನ್ನ ಮನೆಗೆ ತಾನೇ ಊಟದ ಮೇಜು ಮಾಡಿದ ಗಂಡು ಒಬ್ಬನೇ. ಚೊಕ್ಕಸಂದ್ರದ ಆವಲಪ್ಪ! ಅದರ ಮೇಲೆ ಆನೆ ತಂದು ನಿಲ್ಲಿಸಿ, ಅಲ್ಲಾಡಿದರೆ ನನ್ನನ್ನು ಬಂದು ಕೇಳಿ. ದೊಡ್ಡ ಪೇಟೆಯ ಅಂಗಡಿಗಳಲ್ಲಿ ಗಾಜಿನ ಹಿಂದೆ ಥಳಥಳ ಹೊಳೆಯುತ್ತವಲ್ಲ, ಅವು ಮೇಜಲ್ಲ ಸ್ವಾಮಿ. ಮೇಜಿನ ವೇಷ ಹಾಕಿಕೊಂಡ ರಟ್ಟು.

ಆವಲಪ್ಪನಿಗೆ ಆಗ, ಅಂದರೆ ಎಂಬತ್ನಾಲ್ಕನೇ ಇಸವಿಯಲ್ಲಿ, ಇಪ್ಪತ್ತೆರಡು ವರ್ಷ. ಪೀಣ್ಯ ಎರಡನೇ ಹಂತದ ಒಂದು ಫೌಂಡ್ರಿಯ ಪ್ಯಾಟರ್ನ್ ಶಾಪಿನಲ್ಲಿ ಕೆಲಸ. ಕರಗಿದ ಉಕ್ಕನ್ನು ಸುರಿಯುವ ಮುಂಚೆ ಮರಳಿನಲ್ಲಿ ಅಚ್ಚು ಮೂಡಿಸಬೇಕಲ್ಲ, ಆ ಅಚ್ಚಿಗೆ ಬೇಕಾದ ಮಾದರಿಯನ್ನು ಮರದಲ್ಲಿ ಕೊರೆದುಕೊಡುವ ಕಸುಬು ಅದು. ಹಗಲೆಲ್ಲ ಮರ, ಸಂಜೆಯೆಲ್ಲ ಟೆಂಟು ಸಿನಿಮಾ. ಡೈಲಾಗು ಅವನ ಬಾಯಲ್ಲಿ ಎಲೆಯಡಿಕೆ ಇದ್ದ ಹಾಗೆ, ಸದಾ ಅರೆಯುತ್ತಲೇ ಇರಬೇಕು. ಕಂಡಕ್ಟರ್ ಟಿಕೆಟ್ ಕೇಳಿದರೆ, "ಸತ್ಯವಂತನನ್ನು ಅನುಮಾನಿಸುವೆಯಾ?" ಎನ್ನುತ್ತಿದ್ದ. ಒಮ್ಮೆ ಅಪ್ಪನ ಬಾಡಿಗೆ ಮನೆಗಳ ಗೋಡೆಯ ಹಿಂದೆ ನಿಂತು ಖಳನಾಯಕನ ದನಿಯಲ್ಲಿ, "ಇಪ್ಪತ್ತನಾಲ್ಕು ಗಂಟೆಯೊಳಗೆ ಎಲ್ಲರೂ ಜಾಗ ಖಾಲಿ ಮಾಡಿ!" ಎಂದು ಗುಡುಗಿದ್ದಕ್ಕೆ, ಮೂರನೇ ನಂಬರಿನ ಬಾಡಿಗೆದಾರ ನಿಜವಾಗಿಯೂ ಹಾಸಿಗೆ ಸುತ್ತಿಟ್ಟಿದ್ದ.

ಅಪ್ಪ ದೊಡ್ಡಮುನಿಯಪ್ಪ. ಹೊಲ ಫ್ಯಾಕ್ಟರಿಗಳಿಗೆ ಹೋದ ಮೇಲೆ ಹಿತ್ತಲಲ್ಲಿ ಎಂಟು ಮನೆಗಳ ಸಾಲು ಕಟ್ಟಿಸಿ, 'ಓನರ್ರೇ' ಎಂದು ಕರೆಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡವರು. ಅಣ್ಣ ಗೋಪಾಲಪ್ಪ ಇನ್ನೊಂದು ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಷನ್ನು. ಅವರಿವರು ಮಾಡಿದ ಕೆಲಸ ಅಳೆದು ಸರಿಯಿಲ್ಲ ಎನ್ನುವುದಕ್ಕೇ ಅವನಿಗೆ ಸಂಬಳ. ಇನ್ನು ಅಮ್ಮ ಪಿಳ್ಳಮ್ಮ. ಎರಡು ಹಸು, ಒಂದು ಡಜನ್ ಕೋಳಿ, ಸೌದೆ ಒಲೆ, ಮೂರು ಗಂಡಸರು. ಇಷ್ಟೂ ಅವಳ ತಲೆಯ ಮೇಲೆ.

ಆ ಮನೆಯಲ್ಲಿ ಊಟದ ಪದ್ಧತಿ ಹೀಗಿತ್ತು. ನಡುಮನೆಯಲ್ಲಿ ಗಂಡಸರು ನೆಲದ ಮೇಲೆ ಸಾಲಾಗಿ ಕೂರುವುದು. ಪಿಳ್ಳಮ್ಮ ಪಕ್ಕದಲ್ಲಿ ಮಣೆ ಹಾಕಿಕೊಂಡು ಬಡಿಸುವುದು. ಅವರು ಕೈ ತೊಳೆದು ತೇಗಿದ ಮೇಲೆ ಅವಳು ಪಾತ್ರೆ ಎತ್ತಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ, ಉಳಿದದ್ದನ್ನು ಉಣ್ಣುವುದು. ಉಳಿದರೆ.

ಆಷಾಢದ ಒಂದು ಭಾನುವಾರ. ಚಿಕ್ಕಬಾಣಾವರದಿಂದ ನಂಜಪ್ಪ ಮಾವ ಹೇಳದೆ ಕೇಳದೆ ಇಬ್ಬರನ್ನು ಜೊತೆಗೆ ಹಾಕಿಕೊಂಡು ಬಂದಿಳಿದರು. ಪಿಳ್ಳಮ್ಮ ಕೋಳಿ ಕೊಯ್ದಳು. ಆರು ಜನ ಗಂಡಸರು ಮೂಳೆ ಚೀಪುವ ಸದ್ದು ಬೀದಿಗೆ ಕೇಳುತ್ತಿತ್ತು. ಎಲ್ಲ ಮುಗಿದ ಮೇಲೆ ಆವಲಪ್ಪ ನೀರು ಕುಡಿಯಲೆಂದು ಅಡುಗೆಮನೆಗೆ ಹೋದವನು ಬಾಗಿಲ ಹಿಂದೆ ನೋಡಿದ. ತಣ್ಣಗಾಗಿ ಕಲ್ಲಾದ ಅರ್ಧ ಮುದ್ದೆಯಲ್ಲಿ ಅಮ್ಮ ಪಾತ್ರೆಯ ತಳ ಒರೆಸಿಕೊಳ್ಳುತ್ತಿದ್ದಳು.

"ಅಮ್ಮ, ಏನಿದು?"

"ಉಣ್ತಾ ಇವ್ನಿ. ಕಣ್ ಕಾಣಲ್ವಾ?"

"ಪೀಸೆಲ್ಲಿ?"

"ಎಸ್ರೇ ರುಚಿ ಕಣ್ಲಾ."

"ಕೋಳಿ ಯಾರ್ದು?"

"ನಂದೇ. ಆ ಕೆಂಪು ಯಾಟೆ."

"ಸಾಕಿದ್ಯಾರು? ಕುಯ್ದಿದ್ಯಾರು? ಬೇಯ್ಸಿದ್ಯಾರು?"

"ಎಲ್ಲಾ ನಾನೇ. ಪೊಲೀಸ್ನೋನಂಗೆ ಏನ್ಲಾ ಇಂಗ್ ಕೇಳ್ತೀಯಾ?"

"ಅಂಗಾರೆ ತಿನ್ನಕ್ ಮಾತ್ರ ನಂಜಪ್ಪ ಮಾವ ಚಿಕ್ಕಬಾಣಾವರದಿಂದ ಬರ್ಬೇಕಾ?"

"ಮೆತ್ಗೆ ಮಾತಾಡು! ಕೇಳಿಸ್ತದೆ."

ಕೇಳಿಸಲಿ ಎಂದೇ ಅವನು ಹೇಳಿದ್ದು. ನೀವೇ ಹೇಳಿ, ಇದು ನ್ಯಾಯವಾ? ಮೊಟ್ಟೆಯಿಂದ ಮರಿ ಮಾಡಿಸಿ, ಹದ್ದಿನ ಕಣ್ಣು ತಪ್ಪಿಸಿ, ತವಡು ತಿನ್ನಿಸಿ ಸಾಕಿದವಳಿಗೆ ಒಂದು ರೆಕ್ಕೆಯೂ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದವರಿಗೆ ತೊಡೆ! ಆವಲಪ್ಪ ನಡುಮನೆಗೆ ಬಂದು ಕಲ್ಲುಕಂಬದ ಪಕ್ಕ ಎದೆ ಸೆಟೆಸಿ ನಿಂತ. ಅಪ್ಪ, ಮಾವ, ಮಾವನ ಸ್ನೇಹಿತರು ಗೋಡೆಗೊರಗಿ ಎಲೆಯಡಿಕೆ ಹಾಕುತ್ತಿದ್ದರು.

"ಅಪ್ಪಾ! ಈ ಮನೆಯಲ್ಲಿ ಒಂದು ಘೋರ ಅನ್ಯಾಯ ನಡೆಯುತ್ತಿದೆ. ಇಪ್ಪತ್ತೆರಡು ವರ್ಷ ಕಣ್ಣಿದ್ದೂ ಕುರುಡನಾಗಿದ್ದೆ. ಇಂದು ನನ್ನ ಕಣ್ಣು ತೆರೆಯಿತು!"

"ಸಂದಾಕ್ ಏಳ್ತಾನಪ್ಪ ಡೈಲಾಗು," ಎಂದರು ನಂಜಪ್ಪ ಮಾವ, ಹಲ್ಲುಸಂದಿಗೆ ಕಡ್ಡಿ ಹಾಕುತ್ತ.

"ಕಣ್ ತೆರೀತಲ್ಲ, ಅಂಗೇ ಇತ್ಲಿಗೋಗಿ ಅಸ ಎಲ್ಲೈತೆ ನೋಡು," ಎಂದರು ದೊಡ್ಡಮುನಿಯಪ್ಪ.

"ತಮಾಷೆ ಅಲ್ಲ ಕಣಪ್ಪ. ಅಮ್ಮ ಯಾಕೆ ನಮ್ ಜೊತೆ ಕೂತ್ಕೊಂಡು ಉಣ್ಣಲ್ಲ?"

"ಅವ್ಳು ಕುಂತ್ಕಂಡ್ರೆ ಬಡ್ಸೋರ್ ಯಾರ್ಲಾ? ನಿಮ್ ತಾತ ಎದ್ ಬತ್ತಾನಾ?"

ಆವಲಪ್ಪ ಈ ಪ್ರಶ್ನೆಗೇ ಕಾಯುತ್ತಿದ್ದ. ಟೆಂಟಿನ ಪರದೆಯ ಮೇಲೆ ಎಷ್ಟು ಸಲ ನೋಡಿದ್ದ! ದೊಡ್ಡ ಮನೆ, ದೊಡ್ಡ ಮೇಜು, ಅತ್ತೆ ಸೊಸೆ ಮಾವ ಮಕ್ಕಳು ಎಲ್ಲರೂ ಸುತ್ತ ಕೂತು, ನಡುವೆ ಪಾತ್ರೆಗಳು.

"ಮೇಜು ಹಾಕಣ. ನಾಕು ಜನ, ನಾಕು ಸ್ಟೂಲು. ಪಾತ್ರೆ ಮಧ್ಯದಲ್ಲಿ. ಯಾರಿಗ್ ಏನ್ ಬೇಕೋ ಅವ್ರವ್ರೇ ಆಕ್ಕೊಳ್ಳೋದು. ಬಡ್ಸೋರೇ ಬ್ಯಾಡ."

"ಇದೇನ್ ಓಟ್ಲು ಅಂದ್ಕಂಡಾ?"

"ಶ್ರಾವಣ ಮುಗಿಯುವುದರೊಳಗೆ ನನ್ನ ಈ ಎರಡು ಕೈಗಳಿಂದ ಮೇಜು ಮಾಡುತ್ತೇನೆ. ಅದರ ಮುಂದೆ ನನ್ನ ತಾಯಿಯನ್ನು ಕೂರಿಸುತ್ತೇನೆ. ತಪ್ಪಿದರೆ ಅರ್ಧ ಮೀಸೆ ಬೋಳಿಸಿಕೊಂಡು ದಾಸರಹಳ್ಳಿ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತೇನೆ!"

"ಅದಕ್ಕೆ ಮೊದ್ಲು ಮೀಸೆ ಬರ್ಸ್ಕೊಳೋ," ಎಂದ ಗೋಪಾಲಪ್ಪ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಂಪು ಹ್ಯಾಟೆ ತುಂಬಿದ ಹೊಟ್ಟೆ.

ಸಂಜೆ ಅಮ್ಮ ಹಾಲು ಕರೆಯುವಾಗ ಅವನು ಹೋಗಿ ಪಕ್ಕದಲ್ಲಿ ಕೂತ.

"ನನ್ ನೆಪ ಮಾಡ್ಕಂಡು ನಿಮ್ಮಪ್ಪನ್ ಮ್ಯಾಲೆ ಯಾಕ್ಲಾ ಎಗರ್ತೀಯಾ?" ಎಂದಳು ಪಿಳ್ಳಮ್ಮ, ಕೆಚ್ಚಲಿನಿಂದ ಕಣ್ಣೆತ್ತದೆ.

"ಅದಿರ್ಲಿ. ಮೇಜು ಮಾಡಿದ್ರೆ ನೀನು ಕೂತ್ಕೊತೀಯೋ ಇಲ್ವೋ?"

ಹಾಲು ಸುಯ್ ಸುಯ್ ಎಂದು ಚೊಂಬಿಗೆ ಬೀಳುತ್ತಿತ್ತು.

"ಮದ್ವೆ ಆಗಿ ಬಂದಾಗಿಂದ ಬಿಸಿ ಮುದ್ದೆ ಉಂಡ್ ನೆಪ್ಪಿಲ್ಲ ನಂಗೆ. ಇಟ್ಟು ಬಿಸಿ ಇದ್ದಾಗ ಎಂಗಿರ್ತದೆ ಅಂತ ಕೈಗ್ ಗೊತ್ತು, ಬಾಯಿಗ್ ಗೊತ್ತಿಲ್ಲ," ಎಂದಳು. ಆಮೇಲೆ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು, "ಜಾಗ ಇದ್ರೆ ಕೂತ್ಕೊತೀನಿ, ಓಗು," ಎಂದಳು.

ಅಷ್ಟೇ ಸಾಕಾಗಿತ್ತು. ಆವಲಪ್ಪ ಜಾಗ ಅಳೆಯಲು ನಿಂತ.

ಆ ನಡುಮನೆಯಲ್ಲಿ ಜಾಗವೆಂದರೆ ಒಂದೇ ಒಂದು ಕಡೆ. ಬೀದಿ ಬಾಗಿಲಿನಿಂದ ಹಿತ್ತಲ ಬಾಗಿಲಿಗೆ ಜನ ಓಡಾಡುವ ದಾರಿ ನಡುವೆ ಹಾದುಹೋಗುತ್ತದೆ. ಒಂದು ಬದಿಗೆ ರಾಗಿ ಮೂಟೆ. ಇನ್ನೊಂದು ಬದಿಯಲ್ಲಿ ಗೋಡೆಗೂ ಕಲ್ಲುಕಂಬಕ್ಕೂ ನಡುವೆ ಖಾಲಿ ಅಂಕಣ. ಅಲ್ಲಿ ಮೇಜಿನ ಒಂದು ತುದಿ ಗೋಡೆಗೆ, ಇನ್ನೊಂದು ತುದಿ ಕಂಬಕ್ಕೆ ತಾಗುವ ಹಾಗೆ ಕೂರಿಸಿದರೆ, ಆ ಕಡೆ ಇಬ್ಬರು ಈ ಕಡೆ ಇಬ್ಬರು ಲಕ್ಷಣವಾಗಿ ಕೂತು ಉಣ್ಣಬಹುದು. ಅಣ್ಣನ ಟೇಪು ಇಸಿದುಕೊಂಡು ಮೂರು ಸಲ ಅಳೆದ. ಐದು ಅಡಿ ಅರ್ಧ ಇಂಚು. ಮೇಜು ಸರಿಯಾಗಿ ಐದಡಿ ಮಾಡಿದರೆ ಅರ್ಧ ಇಂಚು ಉಳಿಯುತ್ತದೆ, ಸಲೀಸಾಗಿ ಇಳಿಯುತ್ತದೆ.

ಪ್ಯಾಟರ್ನ್ ಶಾಪಿನ ಮೇಸ್ತ್ರಿ ದಾಸಪ್ಪನವರು ವಯಸ್ಸಾದವರು, ಕಿವಿಯಲ್ಲಿ ಪೆನ್ಸಿಲ್ಲು, ಬಾಯಲ್ಲಿ ಬೈಗುಳ. ಶಿಫ್ಟ್ ಮುಗಿದ ಮೇಲೆ ಶಾಪಿನಲ್ಲಿ ಮೇಜು ಮಾಡಿಕೊಳ್ಳುತ್ತೇನೆ ಎಂದು ಇವನು ಹಲ್ಲುಗಿಂಜಿ ಕೇಳಿದಾಗ ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಕಂಪನಿ ತೇಗ ಮುಟ್ಟಿದ್ಯೋ, ಕೈ ಮುರಿದು ಅದ್ರಲ್ಲೇ ಪ್ಯಾಟರ್ನ್ ಮಾಡ್ತೀನಿ."

"ಮೇಸ್ತ್ರಿ, ನಾನು ಬಡವ ಇರಬಹುದು, ಕಳ್ಳನಲ್ಲ!"

"ಡೈಲಾಗ್ ಸಾಕು. ಆ ಫಾರಿನ್ ಮಿಶೀನ್ ಬಂತಲ್ಲ, ಅದ್ರ ಪ್ಯಾಕಿಂಗ್ ಕೇಸು ಹೊರಗೆ ನೆನೀತಾ ಐತೆ. ಸಾಹೇಬ್ರನ್ನ ಕೇಳಿ ತಗೊ."

ಸಾಹೇಬರು ಕೊಟ್ಟರು. ಬಿಳಿ ಮರ, ಮೇಲೆಲ್ಲ ಯಾವುದೋ ದೇಶದ ಅಕ್ಷರ. ಆದರೆ ಕಾಲಿಗೆ ಅದು ಸಾಲದು, ಮೆತ್ತಗೆ. ಆವಲಪ್ಪನ ಕಣ್ಣು ಹಿತ್ತಲಲ್ಲಿ ನಿಂತಿದ್ದ ಎತ್ತಿನ ಗಾಡಿಯ ಮೇಲೆ, ಅದರ ನೊಗ ಕಟ್ಟುವ ಗಟ್ಟಿ ಮೂಕಿಮರದ ಮೇಲೆ ಬಿತ್ತು. ಎತ್ತು ಮಾರಿ ಎಂಟು ವರ್ಷವಾಗಿತ್ತು. ಗಾಡಿ ಮಾತ್ರ ಮೂತಿ ನೆಲಕ್ಕೂರಿ ನಿಂತೇ ಇತ್ತು.

"ಮುಟ್ಬ್ಯಾಡ ಅದ್ನ!" ಎಂದು ಅಪ್ಪ ಜಗಲಿಯಿಂದಲೇ ಕೂಗಿದರು.

"ಎತ್ತೇ ಇಲ್ಲ, ಗಾಡಿ ಯಾಕಪ್ಪ?"

"ನೆಪ್ಪಿಗೆ."

"ತಗಂಡೋಗ್ಲಾ ಮಗಾ," ಎಂದಳು ಪಿಳ್ಳಮ್ಮ, ಸಗಣಿ ಕೈಯಲ್ಲೇ ಬಂದು. "ದಿನಾ ಕೋಳಿ ಕಕ್ಕ ತೊಳ್ಯೋಳು ನಾನು. ನೆಪ್ಪೆಲ್ಲಾ ಇವ್ರಿಗೆ, ಕಕ್ಕ ನಂಗೆ."

ಅದು ಪಿಳ್ಳಮ್ಮನ ಬಾಯಿಂದ ಗಂಡನಿಗೆ ಎದುರಾಗಿ ಬಂದ ಮೊದಲ ಮಾತು ಇರಬೇಕು. ದೊಡ್ಡಮುನಿಯಪ್ಪ ಬೀಡಿ ಹಚ್ಚಿದರು.

ಮೂರು ವಾರ. ಎರಡೂವರೆಗೆ ಶಿಫ್ಟ್ ಮುಗಿದರೆ ಸಂಜೆ ಆರರ ತನಕ ಶಾಪಿನ ಮೂಲೆಯಲ್ಲಿ ಆವಲಪ್ಪ ಒಬ್ಬನೇ. ಟೆಂಟಿನ ಕಡೆ ತಲೆ ಹಾಕಲಿಲ್ಲ. ಹಲಗೆಗೆ ತೋಪಡ ಹೊಡೆಯುವಾಗ ಒಂದೊಂದು ಎಳೆತಕ್ಕೂ ಒಂದೊಂದು ಬೈಗುಳ: ಇದು ನಂಜಪ್ಪ ಮಾವನ ತೊಡೆಪೀಸಿಗೆ, ಇದು ಅಪ್ಪನ 'ಓಟ್ಲು' ಎಂಬ ಮಾತಿಗೆ, ಇದು ಗೋಪಾಲಪ್ಪನ ಹಲ್ಲಿಗೆ. ಸಿಟ್ಟಿಗೆ ಮರ ಕನ್ನಡಿಯಾಯಿತು. ಫಾರಿನ್ ಅಕ್ಷರಗಳೆಲ್ಲ ಸುರುಳಿ ಸುರುಳಿಯಾಗಿ ಕಾಲ ಬುಡಕ್ಕೆ ಬಿದ್ದವು. ಮೂಕಿಮರದ ಕಾಲುಗಳಿಗೆ ಉಳಿಯಿಂದ ತೂತು ಕೊರೆದ. ಅಡ್ಡಪಟ್ಟಿಗಳ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ ಆ ತೂತುಗಳಿಗೆ ತೂರಿಸಿದ. ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು, ಒಳಗೆ ಅಂಟು, ಮುಗಿಯಿತು. ಕೂದಲು ಹೋಗುವ ಸಂದಿಯೂ ಇಲ್ಲ. ಮೇಲಿನ ಹಲಗೆಯನ್ನು ಕಾಲುಗಳಿಂದಾಚೆ ಎರಡು ತುದಿಗೂ ನಾಲ್ಕು ನಾಲ್ಕು ಇಂಚು ಚಾಚಿಸಿ ಕೂರಿಸಿದ. ಜೊತೆಗೆ ನಾಲ್ಕು ಸ್ಟೂಲು.

ಕಡೆಯ ದಿನ ಶಾಪಿನ ಸ್ಕೇಲು ಹಿಡಿದು ಉದ್ದ ಅಳೆದ. ಐದಡಿ, ಗೆರೆಗೆ ಗೆರೆ. ದಾಸಪ್ಪ ಮೇಸ್ತ್ರಿ ಬಂದು ಮೇಜಿಗೆ ಒಂದು ಒದೆ ಕೊಟ್ಟರು. ಅದು ಮಿಸುಕಲಿಲ್ಲ.

"ಬಾಯಿಗಿಂತ ಕೈ ಪರ್ವಾಗಿಲ್ಲ ಕಣ್ಲಾ ನಿಂದು," ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ.

ಶ್ರಾವಣದ ಕೊನೇ ಭಾನುವಾರ ಮಧ್ಯಾಹ್ನ ತಳ್ಳುಗಾಡಿಯಲ್ಲಿ ಮೇಜು ಬಂತು. ಬಾಡಿಗೆ ಮನೆಯವರೆಲ್ಲ ಹೊರಗೆ ಬಂದರು. ಅವರಲ್ಲಿ ತುಮಕೂರಿನ ಕಡೆಯ ಇಬ್ಬರು ಲೇತು ಟರ್ನರುಗಳು ಕೈಜೋಡಿಸಿ ಒಳಗೆ ಹೊತ್ತರು. ಪಿಳ್ಳಮ್ಮ ಆ ದಿನ ಅಂಕಣವನ್ನು ಎರಡು ಸಲ ಸಾರಿಸಿದ್ದಳು. ಬಸ್ಸಾರು ಕುದಿದು ಇಳಿದಿತ್ತು. ಒಲೆಯ ಮೇಲೆ ರಾಗಿಹಿಟ್ಟು ಬೇಯುತ್ತಿತ್ತು. ಸೀರೆ ಬದಲಾಯಿಸಿದ್ದಳು.

"ಇಳ್ಸಿ, ಇಳ್ಸಿ, ನಿಧಾನ! ಗೋಡೆ ಕಡೆಯಿಂದ..."

ಗೋಡೆ ಕಡೆ ಇಳಿಯಿತು. ಕಂಬದ ಕಡೆ ಇಳಿಯಲಿಲ್ಲ. ಮೇಜಿನ ತುದಿ ಕಲ್ಲುಕಂಬದ ಮೇಲೆ ಗಲ್ಲ ಊರಿಕೊಂಡು ನಿಂತಿತು.

"ತಳ್ಳಿ ಗುರು, ಸ್ವಲ್ಪ ಓರೆ ಮಾಡಿ."

ಓರೆ ಮಾಡಿದರು, ನೇರ ಮಾಡಿದರು, ತಿರುಗಿಸಿ ಹಿಂದುಮುಂದು ಮಾಡಿದರು. ಇಲ್ಲ. ಗೋಪಾಲಪ್ಪ ಜೇಬಿನಿಂದ ನಿಧಾನವಾಗಿ ಟೇಪು ತೆಗೆದ. ಆ ಟೇಪು ತೆಗೆದ ಶೈಲಿಗೇ ಅವನಿಗೆ ಎರಡು ಬಾರಿಸಬೇಕಿತ್ತು.

"ಐದಡಿ ಒಂದೂಕಾಲು ಇಂಚು," ಎಂದ. "ರಿಜೆಕ್ಟ್."

"ಸುಳ್ಳು! ನಾನೇ ಅಳ್ದಿದೀನಿ. ಸ್ಕೇಲಲ್ಲಿ ಐದಡಿ ಗೆರೆಗೆ..."

ಮಾತು ಅಲ್ಲಿಗೇ ನಿಂತಿತು. ಯಾವ ಸ್ಕೇಲು?

ಕರಗಿದ ಉಕ್ಕು ಆರುವಾಗ ಕುಗ್ಗುತ್ತದೆ, ಅಡಿಗೆ ಕಾಲು ಇಂಚಿನಷ್ಟು. ಅದಕ್ಕೇ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿಯೊಂದಕ್ಕೂ ಕೂಡಿ ಕಳೆಯುವ ತಲೆನೋವು ಬೇಡವೆಂದು ಪ್ಯಾಟರ್ನ್ ಶಾಪಿಗೆ ಸ್ಕೇಲನ್ನೇ ಬೇರೆ ಮಾಡಿಸಿರುತ್ತಾರೆ. ಅದರಲ್ಲಿ 'ಒಂದು ಅಡಿ' ಎಂದು ಬರೆದಿರುವುದು ನಿಜವಾದ ಅಡಿಗಿಂತ ಕಾಲಿಂಚು ಉದ್ದ. ಸಾದಾ ಸ್ಕೇಲನ್ನು ಶಾಪಿನೊಳಗೆ ಬಿಡುವುದೇ ಇಲ್ಲ, ಕೈತಪ್ಪಿ ಯಾರಾದರೂ ಬಳಸಿಬಿಟ್ಟಾರೆಂದು. ಎರಡು ವರ್ಷದಿಂದ ಅವನ ಕೈಗೆ ಅದೇ ಅಡಿ, ಅದೇ ಇಂಚು. ಮನೆಯನ್ನು ಊರಿನ ಟೇಪಲ್ಲಿ ಅಳೆದ, ಮೇಜನ್ನು ಉಕ್ಕಿನ ಸ್ಕೇಲಲ್ಲಿ ಕೊಯ್ದ. ಐದಡಿಗೆ ಒಂದೂಕಾಲು ಇಂಚು ಹೆಚ್ಚು. ಉಳಿಯಬೇಕಿದ್ದ ಅರ್ಧ ಇಂಚು ಕಳೆದರೆ ಮುಕ್ಕಾಲು ಇಂಚು ಒಳಗೆ ಹೋಗುತ್ತಿಲ್ಲ. ಮರವೇನು ಉಕ್ಕಿನ ಹಾಗೆ ಆರಿ ಕುಗ್ಗುತ್ತದೆಯೇ?

ವಿಷಯ ತಿಳಿದಾಗ ಗೋಪಾಲಪ್ಪ ಕಂಬ ಹಿಡಿದುಕೊಂಡು ನಕ್ಕ. ಟರ್ನರುಗಳು ನಕ್ಕರು. ದೊಡ್ಡಮುನಿಯಪ್ಪ ಮಾತ್ರ ನಗಲಿಲ್ಲ, ಅವರಿಗೆ ಹಸಿವಾಗಿತ್ತು.

"ಆ ಮೂಲೆಗ್ ತಳ್ರೋ ಅದ್ನ, ಮೂಟೆ ಪಕ್ಕಕ್ಕೆ. ಇಟ್ಟು ಆರೋಯ್ತದೆ."

ತಳ್ಳಿದರು. ಒಂದು ಉದ್ದನೆಯ ಬದಿ ರಾಗಿ ಮೂಟೆಗೆ ಆತುಕೊಂಡಿತು, ಒಂದು ತುದಿ ಗೋಡೆಗೆ. ಉಳಿದದ್ದು ಒಂದು ಬದಿ, ಒಂದು ತುದಿ. ಆ ಬದಿಗೆ ಎರಡು ಸ್ಟೂಲು, ಆ ತುದಿಗೆ ಒಂದು. ಒಟ್ಟು ಮೂರು. ನಾಲ್ಕನೇ ಸ್ಟೂಲನ್ನು ಯಾರೋ ಎತ್ತಿ ಮೂಟೆಯ ಮೇಲಿಟ್ಟರು.

ತುದಿಯಲ್ಲಿ ಅಪ್ಪ ಕೂತರು. ಕೂತು, ಕಾಲು ಇಳಿಬಿಟ್ಟು, ಮೊಣಕಾಲು ಸವರಿಕೊಂಡರು. ಅವರ ಮುಖದಲ್ಲಿ ನಿಧಾನವಾಗಿ ಬೆಳಕು ಹರಡಿತು ನೋಡಿ!

"ಪರ್ವಾಗಿಲ್ಲ ಕಣ್ಲಾ. ಮಂಡಿ ನೋಯಕಿಲ್ಲ."

ಅದೇ ಮನುಷ್ಯ! 'ಇದೇನ್ ಓಟ್ಲು ಅಂದ್ಕಂಡಾ' ಎಂದವರು, ಗಾಡಿ ಮುಟ್ಟಬೇಡ ಎಂದವರು! ಪಕ್ಕದಲ್ಲಿ ಗೋಪಾಲಪ್ಪ ಕೂತ, ರಿಜೆಕ್ಟ್ ಎಂದ ಅದೇ ಮೇಜಿಗೆ ಮೊಣಕೈ ಊರಿ. ಪಿಳ್ಳಮ್ಮ ಅಡುಗೆಮನೆಯಿಂದ ಹೊಗೆಯಾಡುವ ಮುದ್ದೆಗಳ ತಟ್ಟೆ ಹಿಡಿದು ಬಂದು, ಮೂರು ಸ್ಟೂಲು ನೋಡಿದಳು, ಮೂಟೆಯ ಮೇಲಿನ ಸ್ಟೂಲು ನೋಡಿದಳು. ಮೊದಲಾದರೆ ಮಣೆಯ ಮೇಲೆ ಕೂತಾದರೂ ಬಡಿಸುತ್ತಿದ್ದಳು. ಈಗ ಮೇಜಿನ ಎತ್ತರಕ್ಕೆ ನಿಂತುಕೊಂಡೇ ಬಡಿಸಬೇಕು. ಪಾತ್ರೆ ಮಧ್ಯದಲ್ಲಿ ಇಟ್ಟಳು. ಯಾವ ಗಂಡಸಿನ ಕೈಯೂ ಸೌಟಿನ ಕಡೆ ಹೋಗಲಿಲ್ಲ.

"ಸಾರು," ಎಂದರು ಅಪ್ಪ.

ಆಗ ಆವಲಪ್ಪ ಏನು ಮಾಡಿದ ಗೊತ್ತಾ? ಕೂರಲಿಲ್ಲ! ಕಂಬಕ್ಕೆ ಬೆನ್ನು ಕೊಟ್ಟು, ಕೈಕಟ್ಟಿ, ಕಣ್ಣಲ್ಲಿ ಕೆಂಡ ಕಾರುತ್ತ ನಿಂತ. "ನನ್ನ ತಾಯಿ ಕೂರದ ಮೇಜಿನಲ್ಲಿ ಈ ಆವಲಪ್ಪ ಒಂದು ತುತ್ತು ಮುಟ್ಟುವುದಿಲ್ಲ!" ಎಂದ. ಗೋಡೆಗಳು ನಡುಗಿದವು. ಅಪ್ಪನ ಕೈಯಿಂದ ಮುದ್ದೆ ಜಾರಿತು. ಅವನು ಗರಗಸ ಎಳೆದುಕೊಂಡು, ಎಲ್ಲರೂ ನೋಡನೋಡುತ್ತ ಚಾಚಿಕೊಂಡಿದ್ದ ಹಲಗೆಯ ತುದಿಯನ್ನು ಮುಕ್ಕಾಲು ಇಂಚು ಕೊಯ್ದು ಬಿಸಾಕಿ, ಮೇಜನ್ನು ಅಂಕಣಕ್ಕೆ ಇಳಿಸಿ, ನಾಲ್ಕನೇ ಸ್ಟೂಲು ಹಾಕಿ, ಅಮ್ಮನ ಕೈ ಹಿಡಿದು ಕೂರಿಸಿ...

ಹೀಗೇ ನಾನು ಇದನ್ನು ಟೀ ಅಂಗಡಿಯಲ್ಲಿ, ಶಾಪಿನಲ್ಲಿ, ದಾಸರಹಳ್ಳಿ ಬಸ್‌ಸ್ಟಾಪಿನಲ್ಲಿ ಹೇಳುತ್ತ ಬಂದಿದ್ದೇನೆ. ಪ್ರತಿ ಸಲ ಚಪ್ಪಾಳೆ ಬಿದ್ದಿದೆ. ನಿಮಗೂ ಇಲ್ಲಿಗೇ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಬರೆಯಲು ಕೂತಾಗ ಕೈ ಮುಂದೆ ಹೋಗುತ್ತಿಲ್ಲ.

ನಡೆದದ್ದು ಇದು. ಆವಲಪ್ಪ ಕೂತ.

ಗರಗಸ ಅಲ್ಲೇ ಇತ್ತು, ತಳ್ಳುಗಾಡಿಯಲ್ಲಿ ಮೇಜಿನ ಜೊತೆಗೇ ಬಂದಿತ್ತು. ಅರ್ಧ ಗಂಟೆಯ ಕೆಲಸ. ಕಾಲಿಗೂ ತೊಂದರೆ ಇಲ್ಲ, ಪಟ್ಟಿಗೂ ತೊಂದರೆ ಇಲ್ಲ, ಚಾಚಿದ ಹಲಗೆಯ ತುದಿ ಅಷ್ಟೇ. ಅದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಬಸ್ಸಾರಿನ ವಾಸನೆ ಬರುತ್ತಿತ್ತು, ಮುದ್ದೆ ಹೊಗೆಯಾಡುತ್ತಿತ್ತು, ಬೆಳಿಗ್ಗೆಯಿಂದ ಮೇಜು ಹೊತ್ತು ಹೊಟ್ಟೆ ಬೆನ್ನಿಗೆ ಹತ್ತಿತ್ತು. ಉಂಡು ಕೊಯ್ಯೋಣ ಅಂದುಕೊಂಡ. ಸೊಪ್ಪು ಬಸಿದ ಸಾರಿನಲ್ಲಿ ಮುದ್ದೆ ಮುರಿದು ಅದ್ದಿ ಅದ್ದಿ ನುಂಗಿದ. ನುಂಗಿ, ತಲೆ ಎತ್ತದೆ, "ಅಮ್ಮ, ಇನ್ನೊಂದ್ ಮುದ್ದೆ" ಎಂದ.

ಪಿಳ್ಳಮ್ಮ ಆ ದಿನ ಲೆಕ್ಕ ಹಾಕಿ ಮುದ್ದೆ ಕಟ್ಟಿದ್ದಳು. ತನ್ನದೂ ಸೇರಿಸಿ. ಅವಳು ತಟ್ಟೆಯಲ್ಲಿ ಉಳಿದಿದ್ದ ಕಡೆಯ ಮುದ್ದೆಯನ್ನು ಅವನಿಗೆ ಹಾಕಿದಳು. ಇನ್ನೂ ಬಿಸಿಯಿತ್ತು.

ಉಂಡ ಮೇಲೆ ನಿದ್ದೆ ಬಂತು. ಮಾರನೇ ದಿನ ಶಿಫ್ಟು. ಅದರ ಮಾರನೇ ದಿನ ಮಳೆ. 'ನಾಳೆ ಕೊಯ್ತೀನಿ' ಎನ್ನುತ್ತ ಹನ್ನೊಂದು ದಿನ ಮೂರು ಗಂಡಸರು ಆ ಮೂಲೆಯಲ್ಲಿ ಕೂತು ಉಂಡರು. ದೊಡ್ಡಮುನಿಯಪ್ಪ ಬಾಡಿಗೆದಾರರನ್ನು ಒಳಗೆ ಕರೆದು, "ನಮ್ದು ಡೈನಿಂಗ್ ಟೇಬಲ್ಲು" ಎಂದು ತೋರಿಸಿದರು. ಅಪ್ಪ ಹೀಗೆ, ಅಣ್ಣ ಹೀಗೆ ಎಂದು ಆವಲಪ್ಪ ಟೀ ಅಂಗಡಿಯಲ್ಲಿ ಹಲ್ಲು ಕಡಿದ. ಹಲ್ಲು ಕಡಿದು ಮನೆಗೆ ಬಂದು ಅದೇ ಸ್ಟೂಲಿನಲ್ಲಿ ಕೂತ.

ಹನ್ನೆರಡನೇ ದಿನ ಮಧ್ಯಾಹ್ನ ಮೂರಕ್ಕೆ ಶಿಫ್ಟು ಮುಗಿಸಿ ಬಂದಾಗ, ನಡುಮನೆಯ ನೆಲದಲ್ಲಿ ಮರದ ಹೊಟ್ಟು, ಮೂಲೆಯಿಂದ ಮೇಜು ಎಳೆದ ಗೀರು ಬಿದ್ದಿತ್ತು. ಮೇಜು ಗೋಡೆಗೂ ಕಂಬಕ್ಕೂ ನಡುವೆ ಕೂತಿತ್ತು. ಕಂಬದ ಕಡೆಯ ತುದಿ ಇಲಿ ಕಡಿದ ಹಾಗೆ ಅಂಕುಡೊಂಕು. ಒಂದು ಕಡೆ ಅರ್ಧ ಇಂಚು ಜಾಸ್ತಿಯೇ ಹೋಗಿತ್ತು. ಗರಗಸ ಕಿಟಕಿಯ ಮೇಲಿತ್ತು. ಪಿಳ್ಳಮ್ಮ ಸ್ಟೂಲಿನ ಮೇಲೆ ಕೂತು, ಹೊಗೆಯಾಡುವ ಮುದ್ದೆ ಮುರಿಯುತ್ತಿದ್ದಳು. ಎದುರಿಗೆ ದೊಡ್ಡಮುನಿಯಪ್ಪ ಖಾಲಿ ತಟ್ಟೆ ಮುಂದಿಟ್ಟುಕೊಂಡು ಸೌಟಿನ ಕಡೆ, ಅದು ಯಾವ ಊರಿನ ಸಾಮಾನೋ ಎಂಬಂತೆ, ನೋಡುತ್ತಿದ್ದರು.

"ಯಾರಮ್ಮ ಕೊಯ್ದಿದ್ದು? ಇಂಗಾ ಕೊಯ್ಯೋದು?"

"ನೆಟ್ಗೆ ಕೊಯ್ಯೋನು ಕೊಯ್ಯಲಿಲ್ವಲ್ಲ."

"ಸಾರು..." ಎಂದರು ಅಪ್ಪ, ಯಾರಿಗೂ ಅಲ್ಲದ ಹಾಗೆ.

"ಮುಂದೇ ಐತೆ. ಆಕ್ಕಳಿ."

ಅವಳು ಏಳಲಿಲ್ಲ. ಆವಲಪ್ಪ ಬಾಯಿ ತೆರೆದ. ತಾಯಿ, ತ್ಯಾಗ, ಕಣ್ಣೀರು ಎಂದು ಏನೋ ಒಂದು ಒಳ್ಳೆಯ ಡೈಲಾಗು ಬರಬೇಕಿತ್ತು. ಬರಲಿಲ್ಲ. ಕೈ ತೊಳೆದುಕೊಂಡು ಬಂದು ತಾನೇ ಬಡಿಸಿಕೊಂಡ.

ಈಗಲೂ ಯಾರಾದರೂ ಬಂದು ಆ ಅಂಕುಡೊಂಕು ಯಾಕೆ ಎಂದು ಕೇಳಿದರೆ, ಅದು ಡಿಸೈನು ಎಂದು ಹೇಳುವುದುಂಟು. ಅಣ್ಣನೇ ಅವತ್ತು ಅಮ್ಮನ ಮುದ್ದೆ ತಿಂದ ಎಂದು ಹೇಳಿದ್ದೂ ಉಂಟು, ಪಾಪ ಗೋಪಾಲಪ್ಪ. ತಿಂದದ್ದು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಆವಲಪ್ಪ, ಆವಲಪ್ಪ ಎಂದು ಇಷ್ಟು ಹೊತ್ತು ಬೇರೆಯವನ ಹಾಗೆ ಹೇಳಿದೆ. ಇನ್ನೊಂದ್ ಮುದ್ದೆ ಎಂದ ಬಾಯಿ ನನ್ನದೇ.